ಯೋಚನೆ ಬಂದರೆ ಬರಲಿ

1960ರ ದಶಕದ ಲಂಡನ್. ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಒಂದು ಕೋಣೆಗೆ ಬರುವ ನಲ್ಲಿ ನೀರನ್ನು ಬೇಕೆಂದೇ ನಿಲ್ಲಿಸಿದ್ದರು. ಒಳಗಿದ್ದ ಮಹಿಳೆಗೆ ಕೊಳೆಯ ಭಯ. ತೊಳೆಯುವುದು, ತೊಳೆದದ್ದನ್ನೇ ಮತ್ತೆ ತೊಳೆಯುವುದು, ಇದರಲ್ಲೇ ಆಕೆಯ ದಿನಗಳು ಕರಗಿಹೋಗುತ್ತಿದ್ದವು. ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಆಕೆ ಹೆದರುತ್ತಿದ್ದ ವಸ್ತುಗಳನ್ನೇ ಮುಟ್ಟಿಸಿದರು. ಮುಟ್ಟಿದ ಮೇಲೆ ತೊಳೆಯಲು ಬಿಡಲಿಲ್ಲ. ದಾದಿಯರು ಹಗಲಿಡೀ ಜೊತೆಗಿದ್ದು ಕಾದರು. ಹೆದರಿದ್ದು ನಡೆಯುವುದಿಲ್ಲ ಎಂಬುದನ್ನು ಯಾರೋ ಹೇಳಿ ನಂಬಿಸುವುದು ಬೇಡ, ಆಕೆಯೇ ಅನುಭವಿಸಿ ತಿಳಿಯಲಿ ಎಂಬುದು ಮೇಯರ್ ಲೆಕ್ಕ. ಹೀಗೆ ಚಿಕಿತ್ಸೆ ಪಡೆದ ಇಬ್ಬರು ರೋಗಿಗಳ ವಿವರವನ್ನು ಅವರು 1966ರಲ್ಲಿ ಪ್ರಕಟಿಸಿದರು. ಇಬ್ಬರೂ ಸುಧಾರಿಸಿದ್ದರು. ಮದ್ದೇ ಇಲ್ಲವೆಂದು ವೈದ್ಯರು ಬಹುಮಟ್ಟಿಗೆ ಕೈಚೆಲ್ಲಿದ್ದ ಒಂದು ಕಾಯಿಲೆಗೆ ದಾರಿ ಕಂಡದ್ದು ಅಲ್ಲಿಂದ.

ಆ ಕಾಯಿಲೆಯ ಹೆಸರು ಗೀಳು ಮನೋರೋಗ. ಈಗ ಪಟ್ಟಣಗಳಲ್ಲಿ ಎಲ್ಲರ ಬಾಯಲ್ಲೂ ಓಸಿಡಿ. ಮೇಜಿನ ಮೇಲೆ ಪುಸ್ತಕ ಸಾಲಾಗಿ ಜೋಡಿಸುವವರೂ ‘ನನಗೆ ಓಸಿಡಿ’ ಎನ್ನುವ ಕಾಲವಿದು. ಅಚ್ಚುಕಟ್ಟುತನಕ್ಕೂ ಈ ರೋಗಕ್ಕೂ ಬಹಳ ಅಂತರವಿದೆ. ರೋಗಕ್ಕೆ ಎರಡು ಭಾಗ. ಒಂದು, ಬೇಡವೆಂದರೂ ನುಗ್ಗುವ, ಹೆದರಿಸುವ, ಹೇಸಿಗೆ ಹುಟ್ಟಿಸುವ ಯೋಚನೆ. ಇನ್ನೊಂದು, ಆ ಸಂಕಟದಿಂದ ಪಾರಾಗಲು ಮತ್ತೆ ಮತ್ತೆ ಮಾಡುವ ಕ್ರಿಯೆ. ಕೈಗೆ ಕೊಳೆ ಅಂಟಿದೆ ಎನ್ನುವ ಯೋಚನೆ, ಚರ್ಮ ಸುಲಿಯುವವರೆಗೆ ತೊಳೆಯುವ ಕ್ರಿಯೆ. ಗ್ಯಾಸ್ ಆರಿಸಿಲ್ಲ ಎನ್ನುವ ಯೋಚನೆ, ಬಸ್‌ ನಿಲ್ದಾಣದಿಂದ ಮೂರು ಸಲ ಮನೆಗೆ ಮರಳುವ ಕ್ರಿಯೆ. ಜಗತ್ತಿನಲ್ಲಿ ನೂರಕ್ಕೆ ಎರಡು ಮೂರು ಮಂದಿಯನ್ನು ಇದು ಬದುಕಿನ ಯಾವುದಾದರೊಂದು ಹಂತದಲ್ಲಿ ಹಿಡಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ರೋಗದಿಂದ ನರಳುತ್ತಿದ್ದವರ ಪ್ರಮಾಣ ನೂರಕ್ಕೆ ಸುಮಾರು 0.8. ಅಂದರೆ ನಮ್ಮ ದೇಶದಲ್ಲಿ ಇದು ಲಕ್ಷಗಳ ಲೆಕ್ಕದ ಕಾಯಿಲೆ.

ಮಡಿ ಮೈಲಿಗೆಯ ಮನೆಗಳಲ್ಲಿ ಇದು ಸುಲಭವಾಗಿ ಮರೆಯಾಗುತ್ತದೆ. ‘ಅವರಿಗೆ ಸ್ವಲ್ಪ ಮಡಿ ಜಾಸ್ತಿ’ ಎಂಬ ಮಾತಿನ ಹಿಂದೆ ಒಬ್ಬ ಹೆಂಗಸು ದಿನಕ್ಕೆ ಐದಾರು ಗಂಟೆ ಬಚ್ಚಲಲ್ಲಿ ಕಳೆಯುತ್ತಿರಬಹುದು. ಬಂಗಾಳದಲ್ಲಿ ಇಂಥ ಅತಿ ಮಡಿಗೆ ‘ಶುಚಿಬಾಯಿ’ ಎಂಬ ಹೆಸರೇ ಇದೆ. ಮನೋವೈದ್ಯೆ ಅಜಿತಾ ಚಕ್ರವರ್ತಿ ಮತ್ತು ಸಹೋದ್ಯೋಗಿ ಬ್ಯಾನರ್ಜಿ 1975ರಲ್ಲಿ ಇದರ ಬಗ್ಗೆ ಬರೆದ ಲೇಖನ, ಆಚಾರ ಎಲ್ಲಿ ಮುಗಿಯುತ್ತದೆ ಮತ್ತು ರೋಗ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಆಚರಣೆ ಮುಗಿದಾಗ ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಗೀಳಿನ ಕ್ರಿಯೆಯಲ್ಲಿ ‘ಮುಗಿಯಿತು’ ಎನ್ನುವುದೇ ಬರುವುದಿಲ್ಲ.

ಮೇಯರ್ ತೋರಿಸಿದ ದಾರಿ ಇಂದಿಗೂ ಹೆದ್ದಾರಿಯೇ. ಹೆದರಿಕೆಗೆ ಎದುರಾಗುವುದು, ಎದುರಾದಾಗ ಗೀಳಿನ ಕ್ರಿಯೆಯನ್ನು ತಡೆಯುವುದು: ಇಆರ್‌ಪಿ ಎಂದು ಕರೆಯುವ ಈ ಚಿಕಿತ್ಸೆಗೆ ಇರುವಷ್ಟು ಪುರಾವೆ ಗೀಳು ರೋಗದ ಬೇರಾವ ಮನೋಚಿಕಿತ್ಸೆಗೂ ಇಲ್ಲ. ಆದರೆ ಅದಕ್ಕೆ ಎರಡು ತೊಡಕು. ಕೆಲವರು ಹೆದರಿ ಚಿಕಿತ್ಸೆಗೆ ಒಪ್ಪುವುದೇ ಇಲ್ಲ, ಒಪ್ಪಿದವರಲ್ಲಿ ಕೆಲವರು ಅರ್ಧಕ್ಕೇ ಬಿಡುತ್ತಾರೆ. ಎರಡನೆಯದು ಇನ್ನೂ ಸೂಕ್ಷ್ಮ. ಎಷ್ಟೋ ಜನರ ಗೀಳಿನ ಕ್ರಿಯೆ ಹೊರಗೆ ಕಾಣುವುದೇ ಇಲ್ಲ. ದೇವರ ಕೋಣೆಯಲ್ಲಿ ಕೈಮುಗಿದು ನಿಂತವನ ಮನಸ್ಸಿಗೆ ಅಶ್ಲೀಲ ಚಿತ್ರವೊಂದು ನುಗ್ಗುತ್ತದೆ. ಅವನು ತಕ್ಷಣ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಾನೆ, ಸ್ತೋತ್ರ ಮೊದಲಿನಿಂದ ಹೇಳುತ್ತಾನೆ, ‘ಸರಿಯಾಗಿ’ ಹೇಳಿದೆನೇ ಎಂದು ಪರೀಕ್ಷಿಸುತ್ತಾನೆ, ಮತ್ತೆ ಮೊದಲಿನಿಂದ. ಹೊರಗಿನವರಿಗೆ ಕಾಣುವುದು ಭಕ್ತಿಯಿಂದ ನಿಂತ ಒಬ್ಬ ಮನುಷ್ಯ. ಇಂಥವರಿಗೆ ನಿಲ್ಲಿಸಬೇಕಾದ ನಲ್ಲಿ ಎಲ್ಲಿದೆ?

ಸಾವಧಾನ ಮತ್ತು ಸ್ವೀಕಾರದ ಚಿಕಿತ್ಸೆಗಳು ಕೆಲಸ ಶುರು ಮಾಡುವುದು ಇಲ್ಲಿಂದ. ಇವುಗಳ ಹಿಂದೆ ಒಂದು ಸರಳ ಶೋಧವಿದೆ. 1978ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ರಾಚ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಮನೋವಿಜ್ಞಾನಿಗಳು ರೋಗವಿಲ್ಲದ ಸಾಮಾನ್ಯ ಜನರನ್ನು ಕೇಳಿದರು: ಬೇಡದ, ಅಸಹ್ಯದ, ಕ್ರೂರ ಯೋಚನೆಗಳು ನಿಮಗೆ ಬರುತ್ತವೆಯೇ? ನೂರಕ್ಕೆ ಸುಮಾರು ಎಂಬತ್ತು ಮಂದಿ ಹೌದೆಂದರು. ರೋಗಿಗಳ ಯೋಚನೆಗಳನ್ನೂ ಇವರ ಯೋಚನೆಗಳನ್ನೂ ಬೆರೆಸಿ ಇಟ್ಟರೆ ಯಾವುದು ಯಾರದೆಂದು ಹೇಳುವುದು ನುರಿತವರಿಗೂ ಸುಲಭವಾಗಿರಲಿಲ್ಲ. 2014ರಲ್ಲಿ ಆರು ಖಂಡಗಳ 13 ದೇಶಗಳ 777 ವಿದ್ಯಾರ್ಥಿಗಳನ್ನು ಸಂದರ್ಶಿಸಿದ ದೊಡ್ಡ ಅಧ್ಯಯನದಲ್ಲಿ ಈ ಪ್ರಮಾಣ ನೂರಕ್ಕೆ 94ರ ಹತ್ತಿರ ಬಂತು, ಅದೂ ಹಿಂದಿನ ಮೂರೇ ತಿಂಗಳ ಅನುಭವದ ಬಗ್ಗೆ ಕೇಳಿದಾಗ. ರೈಲು ಬರುವಾಗ ಹಾರಿಬಿಟ್ಟರೆ, ಎತ್ತಿಕೊಂಡ ಮಗುವನ್ನು ಬಿಟ್ಟುಬಿಟ್ಟರೆ, ಸಭೆಯಲ್ಲಿ ಕೆಟ್ಟ ಮಾತು ಕೂಗಿಬಿಟ್ಟರೆ. ಇವು ಬಹುತೇಕ ಎಲ್ಲ ತಲೆಗಳಲ್ಲೂ ಬಂದು ಹೋಗುವ ಯೋಚನೆಗಳು. ಹೆಚ್ಚಿನವರು ಅರೆಕ್ಷಣ ಬೆಚ್ಚಿ ಮರೆಯುತ್ತಾರೆ. ಗೀಳು ರೋಗಿಗೆ ಮರೆಯಲಾಗುವುದಿಲ್ಲ. ‘ಇಂಥದ್ದು ನನಗೇಕೆ ಬಂತು? ನಾನು ಅಂಥವನೇ?’ ಎಂದು ಅವನು ವಿಚಾರಣೆಗೆ ಕೂರುತ್ತಾನೆ. ಅಲ್ಲಿಂದ ಜಗಳ.

ಆ ಜಗಳದ ಬಹಳ ಹಳೆಯ ಚಿತ್ರವೊಂದು ಇಂಗ್ಲೆಂಡಿನ ಜಾನ್ ಬನ್ಯನ್ ಬಿಟ್ಟುಹೋದ ಆತ್ಮಕಥೆಯಲ್ಲಿದೆ. ಕನ್ನಡಕ್ಕೆ 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಬಂದ ಕೃತಿಯ ಕರ್ತೃ ಈತ. 1666ರಲ್ಲಿ ಪ್ರಕಟವಾದ ಆ ಆತ್ಮಕಥೆಯಲ್ಲಿ, ತನ್ನ ಕ್ರಿಸ್ತನನ್ನೇ ಮಾರಿಬಿಡು ಎಂಬ ಯೋಚನೆ ಊಟ ಮಾಡುವಾಗಲೂ, ಸೌದೆ ಒಡೆಯುವಾಗಲೂ ಬೆನ್ನು ಹತ್ತಿದ್ದನ್ನು ಆತ ವಿವರಿಸುತ್ತಾನೆ. ಮಾರಲಾರೆ, ಮಾರಲಾರೆ ಎಂದು ಒಳಗೇ ಉತ್ತರ ಕೊಡುತ್ತ, ಕೈಯಿಂದ, ಮೊಣಕೈಯಿಂದ ಗಾಳಿಯನ್ನು ತಳ್ಳುತ್ತಿದ್ದನಂತೆ. ತಳ್ಳಿದಷ್ಟೂ ಅದು ಬಂತು. ಆ ಕಾಲಕ್ಕೆ ಇದು ಸೈತಾನನ ಕೆಲಸ. ಇಂದಿನ ಮನೋವೈದ್ಯರು ಆ ಪುಟಗಳನ್ನು ಓದಿ ಗೀಳು ರೋಗವನ್ನು ಗುರುತಿಸುತ್ತಾರೆ.

ತಳ್ಳಿದಷ್ಟೂ ಬರುವುದೇಕೆ? ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಮಾತು ಕನ್ನಡಿಗರಿಗೆ ಹೊಸದಲ್ಲ. ಲೋಟ ಎತ್ತಿದೊಡನೆ ಕೋತಿ ಹಾಜರು. 1987ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡೇನಿಯಲ್ ವೆಗ್ನರ್ ಇದನ್ನೇ ಪ್ರಯೋಗಶಾಲೆಗೆ ತಂದರು. ಅಲ್ಲಿ ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಅದನ್ನು ನೆನೆಯದೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗಬೇಕು, ನೆನಪಾದರೆ ಗಂಟೆ ಬಾರಿಸಬೇಕು. ಗಂಟೆಗಳು ಮೊಳಗುತ್ತಲೇ ಇದ್ದವು. ಮುಖ್ಯ ಸಂಗತಿ ನಂತರದ್ದು. ಈಗ ಬೇಕಾದಷ್ಟು ನೆನೆಯಿರಿ ಎಂದಾಗ, ಮೊದಲು ಹತ್ತಿಕ್ಕಿದ್ದವರಿಗೆ ಕರಡಿ ಹೆಚ್ಚು ಸಲ ಬಂತು; ಆರಂಭದಿಂದಲೇ ಸ್ವತಂತ್ರವಾಗಿ ನೆನೆದವರಿಗೆ ಅಷ್ಟು ಬರಲಿಲ್ಲ. ಹತ್ತಿಕ್ಕುವ ಕೆಲಸ ಮಾಡಲು ಮನಸ್ಸು ಕರಡಿ ಬಂತೇ ಎಂದು ಆಗಾಗ ಇಣುಕಬೇಕಾಗುತ್ತದೆ; ಆ ಇಣುಕುವಿಕೆಯೇ ಅದನ್ನು ಕರೆತರುತ್ತದೆ ಎಂಬುದು ಮುಂದೆ ವೆಗ್ನರ್ ಕೊಟ್ಟ ವಿವರಣೆ.

ವಿಷಾದದ ಸಂಗತಿಯೆಂದರೆ, ಚಿಕಿತ್ಸಕರೂ ಒಂದು ಕಾಲಕ್ಕೆ ಹತ್ತಿಕ್ಕುವುದನ್ನೇ ಕಲಿಸುತ್ತಿದ್ದರು. ಕೆಟ್ಟ ಯೋಚನೆ ಬಂದೊಡನೆ ‘ನಿಲ್ಲು’ ಎಂದು ಗದರಿಕೊಳ್ಳುವುದು, ಮಣಿಕಟ್ಟಿನ ರಬ್ಬರ್ ಬ್ಯಾಂಡನ್ನು ಎಳೆದು ಬಿಡುವುದು ಇವೆಲ್ಲ ಪದ್ಧತಿಯಲ್ಲಿದ್ದವು. ಈಗ ಗೀಳು ರೋಗದಲ್ಲಿ ಅದನ್ನು ಕೈಬಿಡಲಾಗಿದೆ. ಪದ್ಮಲ್ ಡಿ ಸಿಲ್ವ 1980ರ ದಶಕದಲ್ಲಿ ಆಧುನಿಕ ವರ್ತನಾ ಚಿಕಿತ್ಸೆಗೂ ಪ್ರಾಚೀನ ಬೌದ್ಧ ಗ್ರಂಥಗಳಿಗೂ ಇರುವ ಹೋಲಿಕೆಗಳನ್ನು ಬರೆದರು. ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಬೇಡದ ಯೋಚನೆಗೆ ಐದು ಉಪಾಯಗಳಿವೆ. ಒಳ್ಳೆಯ ಯೋಚನೆಯನ್ನು ಬದಲಿಗೆ ತರುವುದು ಮೊದಲನೆಯದು, ಹಲ್ಲು ಕಚ್ಚಿ ಅದನ್ನು ತುಳಿಯುವುದು ಕೊನೆಯದು. ನಡುವೆ, ಅದಕ್ಕೆ ಗಮನ ಕೊಡದಿರುವುದು ಮತ್ತು ಅದರ ವೇಗವನ್ನು ಮೆಲ್ಲಗೆ ತಗ್ಗಿಸುವುದು. ಇಂದಿನ ಚಿಕಿತ್ಸೆ ಗೀಳು ರೋಗಿಗೆ ಮೊದಲನೆಯದನ್ನೂ ಕೊನೆಯದನ್ನೂ ಬೇಡವೆನ್ನುತ್ತದೆ. ‘ಬುದ್ಧ ಹೇಳಿದ್ದನ್ನೇ ವಿಜ್ಞಾನ ಹೇಳಿದೆ’ ಎಂದು ಒಂದೇ ಉಸಿರಿಗೆ ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಚಿಕಿತ್ಸಕರು ಬೌದ್ಧ ಪರಂಪರೆಯಿಂದ ಮುಖ್ಯವಾಗಿ ಪಡೆದದ್ದು ಇನ್ನೊಂದನ್ನು: ಮನಸ್ಸಿನಲ್ಲಿ ಏಳುವುದನ್ನು ಎದ್ದಂತೆ ನೋಡುವ ಅಭ್ಯಾಸ, ಅಂದರೆ ಸಾವಧಾನ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನ ಆಸ್ಪತ್ರೆಯೊಂದಕ್ಕೆ ಅದನ್ನು ತಂದರು, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ.

ಗೀಳು ರೋಗದಲ್ಲಿ ಅದನ್ನು ಬಳಸಿದವರಲ್ಲಿ ಲಾಸ್ ಏಂಜಲೀಸ್‌ನ ಮನೋವೈದ್ಯ ಜೆಫ್ರಿ ಶ್ವಾರ್ಟ್ಜ್ ಮೊದಲಿಗರು. ಸ್ವತಃ ಬೌದ್ಧ ಧ್ಯಾನದ ಅಭ್ಯಾಸಿಯಾಗಿದ್ದ ಅವರು ರೋಗಿಗಳಿಗೆ ಯೋಚನೆಯನ್ನು ಅದರ ಹೆಸರಿನಿಂದಲೇ ಗುರುತಿಸಲು ಕಲಿಸಿದರು: ಇದು ಕೊಳೆಯಲ್ಲ, ಕೊಳೆಯ ಬಗೆಗಿನ ಗೀಳು. ಆಮೇಲೆ ಕೈ ತೊಳೆಯಲು ಹೋಗದೆ ಒಂದು ಕಾಲು ಗಂಟೆ ತೋಟದ ಕೆಲಸವನ್ನೋ ಮತ್ತೊಂದನ್ನೋ ಹಿಡಿಯಬೇಕು. 1992ರಲ್ಲಿ ಲೂಯಿಸ್ ಬ್ಯಾಕ್ಸ್‌ಟರ್, ಶ್ವಾರ್ಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಪೆಟ್ ಸ್ಕ್ಯಾನ್ ಅಧ್ಯಯನ ಹೆಸರಾಯಿತು. ಮಾತ್ರೆಯಿಂದ ಗುಣ ಕಂಡವರಲ್ಲೂ, ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆಯಿಂದಲೇ ಗುಣ ಕಂಡವರಲ್ಲೂ ಮಿದುಳಿನ ಕಾಡೇಟ್ ಎಂಬ ಭಾಗದ ಅತಿಚಟುವಟಿಕೆ ತಗ್ಗಿತ್ತು.

ಇನ್ನೊಂದು ಧಾರೆ ನೆವಾಡಾದ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಕಟ್ಟಿದ, ಎಸಿಟಿ ಎಂದು ಹೆಸರಾದ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ. ಇಲ್ಲಿ ಸ್ವೀಕಾರ ಎಂಬುದನ್ನು ಸರಿಯಾಗಿ ತಿಳಿಯದಿದ್ದರೆ ಅಪಾಯ. ಯೋಚನೆ ಹೇಳುವುದನ್ನು ನಿಜವೆಂದು ಯಾರೂ ಒಪ್ಪಬೇಕಾಗಿಲ್ಲ. ‘ಹೀಗೊಂದು ಯೋಚನೆ ಬಂದಿದೆ, ಎದೆ ಬಿಗಿಯುತ್ತಿದೆ’ ಎಂಬಷ್ಟನ್ನು ಒಪ್ಪಿದರೆ ಸಾಕು. ಬದ್ಧತೆ ಎಂದರೆ ಆ ಬಿಗಿತವನ್ನು ಇಟ್ಟುಕೊಂಡೇ ತನಗೆ ಮುಖ್ಯವಾದದ್ದನ್ನು ಮಾಡುವುದು.

ಒಂದು ಸಾಮಾನ್ಯ ಉದಾಹರಣೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ತಾಯಿಯೊಬ್ಬಳಿಗೆ ಅಡುಗೆಮನೆಯಲ್ಲಿ ಚಾಕು ಕಂಡರೆ ಮಗುವಿಗೆ ಇರಿದುಬಿಟ್ಟೇನು ಎಂಬ ಯೋಚನೆ. ಮಗುವೆಂದರೆ ಅವಳಿಗೆ ಪ್ರಾಣ. ಅದಕ್ಕೇ ಆ ಯೋಚನೆಗೆ ಅಷ್ಟು ಬಲ. ಚಾಕು, ಈಳಿಗೆಮಣೆ ಎಲ್ಲ ಅಟ್ಟ ಸೇರಿವೆ. ಮಗುವಿನೊಂದಿಗೆ ಒಬ್ಬಳೇ ಇರುವುದಿಲ್ಲ. ಇಂಥವಳು ಬಂದಾಗ ಮನೋವೈದ್ಯರು ಮೊದಲು ಸರಿಯಾಗಿ ಪರೀಕ್ಷಿಸಿ ಇದು ಗೀಳೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಮೊದಲ ಕೆಲವು ವಾರ ಸಣ್ಣ ಅಭ್ಯಾಸ. ಹತ್ತು ನಿಮಿಷ ಕೂತು ಉಸಿರು ಒಳಹೋಗಿ ಹೊರಬರುವುದನ್ನು, ಪಕ್ಕದ ಮನೆಯ ಮಿಕ್ಸಿ ಸದ್ದನ್ನು, ಕಾಲಿನ ಜೋಮನ್ನು ಗಮನಿಸುವುದು. ಯೋಚನೆ ಬಂದರೆ ಅದನ್ನೂ ಹಾಗೇ ಗಮನಿಸುವುದು. ‘ಮಗುವಿಗೆ ಇರಿಯುತ್ತೇನೆ’ ಎಂಬಲ್ಲಿ ‘ಮಗುವಿಗೆ ಇರಿಯುತ್ತೇನೆ ಎಂಬ ಯೋಚನೆ ಈಗ ಬಂದಿದೆ’ ಎಂದು ಹೇಳಿಕೊಳ್ಳುವುದು. ಎಸಿಟಿಯಲ್ಲಿ ಇನ್ನೊಂದು ಅಭ್ಯಾಸವಿದೆ. ಹೆದರಿಸುವ ಪದವನ್ನೇ ಅರ್ಧ ಮುಕ್ಕಾಲು ನಿಮಿಷ ಬಿಡದೆ ಜೋರಾಗಿ ಹೇಳುವುದು. ಚಾಕು ಚಾಕು ಚಾಕು ಚಾಕು. ಹೇಳುತ್ತ ಹೇಳುತ್ತ ಅರ್ಥ ಸಡಿಲವಾಗಿ ನಾಲಗೆಯ ಸದ್ದು ಮಾತ್ರ ಉಳಿಯುತ್ತದೆ. ಬ್ರಿಟಿಷ್ ಮೂಲದ ಮನೋವಿಜ್ಞಾನಿ ಟಿಚನರ್ ನೂರು ವರ್ಷದ ಹಿಂದೆ ಗಮನಿಸಿದ್ದ ಸಂಗತಿಯಿದು.

ಆಮೇಲೆ ಅಡುಗೆಮನೆ. ಮಗು ನೆಲದ ಮೇಲೆ ಆಡುತ್ತಿದೆ, ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಾಳೆ. ಯೋಚನೆ ಬಂತು. ಅಂಗೈ ಬೆವರಿತು. ಚಾಕುವನ್ನು ಕೈಯಿಂದ ಬಿಸಾಡಬೇಕೆಂಬ ತುಡಿತ ಏರುತ್ತಿದೆ. ಹಳೆಯ ಪದ್ಧತಿಯಲ್ಲಿ ಚಿಕಿತ್ಸಕರು ಕೇಳುತ್ತಿದ್ದ ಪ್ರಶ್ನೆ: ನೂರಕ್ಕೆ ಎಷ್ಟು ಭಯ? ಎಂಬತ್ತು ಇದ್ದದ್ದು ನಲವತ್ತಕ್ಕೆ ಇಳಿಯುವವರೆಗೆ ಕಾಯುತ್ತಿದ್ದರು. ಸ್ವೀಕಾರದ ದಾರಿಯ ಚಿಕಿತ್ಸಕರು ಬೇರೆ ಪ್ರಶ್ನೆ ಕೇಳುತ್ತಾರೆ: ಈ ಭಯವನ್ನು ಜೊತೆಗಿಟ್ಟುಕೊಂಡು ಹೆಚ್ಚುವುದನ್ನು ಮುಂದುವರಿಸಲು ಎಷ್ಟು ಸಿದ್ಧ? ಭಯ ಇಳಿದರೆ ಸಂತೋಷ. ಇಳಿಯದಿದ್ದರೂ ಆ ದಿನದ ಪಾಠ ಕೆಟ್ಟಿಲ್ಲ. ಪಲ್ಯ ಆಯಿತು, ಮಗು ಪಕ್ಕದಲ್ಲೇ ಇತ್ತು.

ಈ ಪ್ರಶ್ನೆಯ ಬದಲಾವಣೆಯೇ ಈ ಚಿಕಿತ್ಸೆಗಳ ಅತಿ ದೊಡ್ಡ ಕೊಡುಗೆ. ಭಯ ಹೋದ ಮೇಲೆ ಬದುಕುತ್ತೇನೆ ಎಂದು ವರ್ಷಗಟ್ಟಲೆ ಕಾದು ಕೂತವರಿಗೆ ಅದು ಇಂದೇ ಒಂದು ಬಾಗಿಲು ತೆರೆಯುತ್ತದೆ.

ಪುರಾವೆ ಏನು ಹೇಳುತ್ತದೆ? ಯೂಟಾದ ಮೈಕಲ್ ಟುವಿಗ್ ಮತ್ತು ಸಂಗಡಿಗರು 2010ರಲ್ಲಿ 79 ವಯಸ್ಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಎಂಟು ಭೇಟಿಗಳ ಎಸಿಟಿ, ಸ್ನಾಯು ಸಡಿಲಿಸುವ ವಿಶ್ರಾಂತಿ ತರಬೇತಿಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಆದರೆ 2018ರಲ್ಲಿ ಅದೇ ಟುವಿಗ್ ಬರಿಯ ಇಆರ್‌ಪಿಯನ್ನೂ, ಎಸಿಟಿ ಬೆರೆಸಿದ ಇಆರ್‌ಪಿಯನ್ನೂ ಹೋಲಿಸಿದಾಗ ಎರಡೂ ಸಮವಾಗಿ ಕೆಲಸ ಮಾಡಿದವು; ಬೆರೆಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮೊದಲೇ ಚಿಕಿತ್ಸೆ ಪಡೆದೂ ಲಕ್ಷಣ ಉಳಿದಿದ್ದ 125 ಮಂದಿಗೆ ಜರ್ಮನಿಯಲ್ಲಿ ಸಾವಧಾನ ಆಧಾರಿತ ಚಿಕಿತ್ಸೆ ಕೊಟ್ಟು 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲೂ, ರೋಗಿಗಳು ತಾವೇ ಹೇಳಿಕೊಂಡ ಆರಂಭದ ಸುಧಾರಣೆ ಆರು ತಿಂಗಳ ಹೊತ್ತಿಗೆ ಹೋಲಿಕೆಯ ಗುಂಪಿಗಿಂತ ಭಿನ್ನವಾಗಿ ಉಳಿಯಲಿಲ್ಲ. ಬೆಂಗಳೂರಿನ ಫಲಿತಾಂಶ ಇದಕ್ಕಿಂತ ಆಶಾದಾಯಕ. ನಿಮ್ಹಾನ್ಸ್‌ನ ಗೀಳು ರೋಗದ ವಿಶೇಷ ಕ್ಲಿನಿಕ್‌ನಲ್ಲಿ ಮಹೇಂದ್ರ ಶರ್ಮ, ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಂಗಡಿಗರು 60 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾವಧಾನ ಆಧಾರಿತ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಒತ್ತಡ ನಿರ್ವಹಣೆಯ ತರಬೇತಿಯನ್ನೂ ಕೊಟ್ಟರು. ಮೊದಲ ಗುಂಪಿನಲ್ಲಿ ಗುಣ ಕಂಡವರು ಬಹಳ ಹೆಚ್ಚು. ಇವನ್ನೆಲ್ಲ ಒಟ್ಟಿಗೆ ಓದಿದರೆ, ಇಆರ್‌ಪಿಗೆ ಒಪ್ಪದವರಿಗೆ, ಮನಸ್ಸಿನೊಳಗೇ ಗೀಳಿನ ಕ್ರಿಯೆ ನಡೆಸುವವರಿಗೆ, ನಡುವೆ ಕೈಬಿಡುವ ಅಂಚಿನಲ್ಲಿರುವವರಿಗೆ ಈ ದಾರಿ ತೆರೆದಿರಲೇಬೇಕು. ಇಆರ್‌ಪಿಯನ್ನು ಬದಿಗೊತ್ತಲು ಮಾತ್ರ ಇವುಗಳಲ್ಲಿ ಯಾವುದೂ ಆಧಾರವಲ್ಲ.

ಮಾತ್ರೆಗಳ ಮಾತೂ ಇಲ್ಲೇ ಬರಬೇಕು. ಫ್ಲುಆಕ್ಸೆಟಿನ್, ಸರ್ಟ್ರಲಿನ್, ಫ್ಲುವಾಕ್ಸಮಿನ್‌ನಂಥ ಔಷಧಿಗಳು ಗೀಳು ರೋಗದಲ್ಲಿ ನಿಜಕ್ಕೂ ಕೆಲಸ ಮಾಡುತ್ತವೆ, ಆದರೆ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮೂರು ವಾರಕ್ಕೆ ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಬಿಡುವವರಿದ್ದಾರೆ. ಧ್ಯಾನ ಶುರು ಮಾಡಿದೆ, ಮಾತ್ರೆ ಬಿಟ್ಟೆ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಧ್ಯಾನದ ನಾಡಿನಲ್ಲಿ ಈ ಚಿಕಿತ್ಸೆಗೆ ವಿಶೇಷವಾದ ಒಂದು ಕಷ್ಟವೂ ಇದೆ. ಸಾವಧಾನ ಎಂದೊಡನೆ ಇಲ್ಲಿನವರು ಏಕಾಗ್ರತೆ ಎಂದುಕೊಳ್ಳುತ್ತಾರೆ, ಮನಸ್ಸನ್ನು ಖಾಲಿ ಮಾಡುವುದು ಎಂದುಕೊಳ್ಳುತ್ತಾರೆ. ಖಾಲಿ ಮಾಡಲು ಹೊರಟ ಗೀಳು ರೋಗಿ ಮತ್ತೆ ಕೋತಿಯ ಬಲೆಗೇ ಬೀಳುತ್ತಾನೆ. ಉಸಿರನ್ನು ‘ಸರಿಯಾಗಿ’ ಗಮನಿಸಿದೆನೇ ಎಂದು ಪರೀಕ್ಷಿಸುವುದೇ ಹೊಸ ಗೀಳಾಗಬಹುದು. ಕೆಟ್ಟ ಯೋಚನೆ ಬಂದರೆ ದೇವರ ನಾಮ ಹೇಳಿಕೋ ಎಂಬ ಮನೆಯ ಸಲಹೆಯೂ ಹಾಗೆಯೇ. ಜಪ ತನ್ನಷ್ಟಕ್ಕೆ ಭಕ್ತಿ. ಯೋಚನೆಯನ್ನು ಒರೆಸಿಹಾಕಲು ಮಾಡಿದ ಜಪ, ಕೈ ತೊಳೆಯುವುದರ ಇನ್ನೊಂದು ರೂಪವಾಗಿಬಿಡುತ್ತದೆ. ನುರಿತ ಚಿಕಿತ್ಸಕರು ರೋಗಿಯ ಪೂಜೆಯನ್ನು ನಿಲ್ಲಿಸುವುದಿಲ್ಲ. ಮನೆಯ ಉಳಿದವರು ಎಷ್ಟು ಹೊತ್ತು, ಹೇಗೆ ಪೂಜೆ ಮಾಡುತ್ತಾರೋ ಅಷ್ಟೇ ಹೊತ್ತು, ಹಾಗೆಯೇ ಮಾಡಲು ಹೇಳುತ್ತಾರೆ. ನಡುವೆ ಬೇಡದ ಚಿತ್ರ ಬಂದರೂ ಮೊದಲಿನಿಂದ ಶುರು ಮಾಡದೆ ಮಂಗಳಾರತಿಯವರೆಗೆ ಸಾಗಲು ಹೇಳುತ್ತಾರೆ.

ಮನೆಯವರ ಪಾತ್ರ ಇನ್ನೂ ಒಂದಿದೆ. ‘ಬಾಗಿಲು ಹಾಕಿದೆಯಾ ನೋಡಿದೆಯಾ?’, ‘ನಾನು ಮಗುವಿಗೆ ಏನೂ ಮಾಡುವುದಿಲ್ಲ ತಾನೇ?’ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಧೈರ್ಯ ಹೇಳುವುದು ಪ್ರೀತಿಯ ಕೆಲಸವೇ. ಆದರೆ ಆ ಉತ್ತರ ಕೊಡುವ ನೆಮ್ಮದಿ ಕೆಲವೇ ನಿಮಿಷದ್ದು, ಆಮೇಲೆ ಪ್ರಶ್ನೆ ಇನ್ನಷ್ಟು ಹಸಿದು ಬರುತ್ತದೆ. ಗದರುವುದರಿಂದಲೂ ಪ್ರಯೋಜನವಿಲ್ಲ. ರೋಗಿ ಮತ್ತು ಚಿಕಿತ್ಸಕರು ಕೂಡಿ ಮೊದಲೇ ಒಪ್ಪಿಕೊಂಡ ಒಂದು ಮಾತನ್ನು ಮನೆಯವರು ಹೇಳಬಹುದು: ‘ಅದು ಗೀಳಿನ ಪ್ರಶ್ನೆ, ಉತ್ತರ ಬೇಡವೆಂದು ನೀನೇ ಹೇಳಿದ್ದೆ. ಕಷ್ಟವಾಗುತ್ತಿದೆ ಅಂತ ಗೊತ್ತು, ಬಾ, ಇಲ್ಲೇ ಕೂತಿರೋಣ.’

ಇಂಥ ತೊಂದರೆಯನ್ನು ಜನ ವರ್ಷಗಟ್ಟಲೆ ಯಾರಿಗೂ ಹೇಳದೆ ಹೊತ್ತಿರುತ್ತಾರೆ, ಅದರಲ್ಲೂ ಹಿಂಸೆಯ, ಲೈಂಗಿಕತೆಯ, ದೇವರ ಕುರಿತ ಯೋಚನೆಗಳನ್ನು. ಮನೋವೈದ್ಯರ ಮುಂದೆ ಇವನ್ನು ಬಾಯಿಬಿಟ್ಟು ಹೇಳಬಹುದು. ಅವರು ಇಂಥವನ್ನು ದಿನವೂ ಕೇಳುತ್ತಾರೆ, ಕೇಳಿ ಬೆಚ್ಚುವುದಿಲ್ಲ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಮೊದಲ ತಪಾಸಣೆ ಸಾಧ್ಯ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾತನಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.